ಡಿವೈ ಬೈ ಡಿಎಕ್ಸ್ ಸರ್

ಅಫಜಲಪುರ ತಾಲ್ಲೂಕಿನ ಅತನೂರದಲ್ಲಿ ಗಣಿತದ ಸರ್ ಎಲ್ಲಿ ಎಂದರೆ ಚಹಾದ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಆಳಂದದಲ್ಲಿ ಕೇಳಿದರೆ ಅಲ್ಲೂ ಒಬ್ಬರು ಸಿಗುತ್ತಾರೆ, ಜೇವರ್ಗಿಯಲ್ಲೂ. ಹೆಸರು ಬೇರೆ, ತಳಿ ಒಂದೇ. ಜೇಬಿಗೆ ಪೆನ್ನಿನ ಮಸಿ, ಬೆರಳಿಗೆ ಖಡುವಿನ ಪುಡಿ. ಅವರು ಕುಳಿತು ಎದ್ದ ಮೇಲೆ ಪೇಪರಿನ ಅಂಚು ಖಾಲಿ ಉಳಿಯುವುದಿಲ್ಲ.

ಅವರಿಗೆ ಪ್ರಾಣವಾದ ಲೆಕ್ಕ ಒಂದಿದೆ: ವೈ = ಎ ಎಕ್ಸ್ ವರ್ಗ + ಬಿ ಎಕ್ಸ್ + ಸಿ. ಇದರಲ್ಲಿ ಎ, ಬಿ, ಸಿ ಎಂಬ ಮೂವರು ಸಹಗುಣಕರು ತಲೆಮರೆಸಿಕೊಂಡಿರುತ್ತಾರೆ, ಹಿಡಿದು ತರಬೇಕು. ಮೂವರು ಕಳ್ಳರಿಗೆ ಮೂರು ಸುಳಿವು ಬೇಕು, ಎರಡರಲ್ಲಿ ಆಗದು. ಪುಸ್ತಕದ ಉದಾಹರಣೆ ಅವರಿಗೆ ಸೇರುವುದಿಲ್ಲ, ಜೋಳದ ಹೊಲಕ್ಕೇ ಇಳಿಯುತ್ತಾರೆ.

‘ನೋಡು ತಮ್ಮಾ, ಅಟ್ಟದ ಮ್ಯಾಲ ನಿಂತು ಗುಬ್ಬಿಗೆ ಕಲ್ಲು ಒಗದಿ. ಕಲ್ಲು ಬಿಟ್ಟಾಗ ನೆಲದಿಂದ 3 ಮೀಟರ್ ಎತ್ತರ. 2 ಮೀಟರ್ ಮುಂದ ಹೋದಾಗ ಅದರ ತುದಿ, ಎತ್ತರ 7 ಮೀಟರ್.’

ಎಕ್ಸ್ ಎಂದರೆ ಮುಂದೆ ಹೋದ ದೂರ, ವೈ ಎಂದರೆ ಎತ್ತರ. ಎಕ್ಸ್ ಸೊನ್ನೆ ಇದ್ದಾಗ ವೈ 3, ಹಾಗಾಗಿ ಸಿ ಅಂದರೆ 3. ಮೊದಲ ಕಳ್ಳ ತಾನಾಗಿಯೇ ಸಿಕ್ಕಿಬಿದ್ದ. ತುದಿಯಲ್ಲಿ ಕಲ್ಲು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಲ್ಲಿ ಅವಕಲನ, ಅಂದರೆ ಗೆರೆಯ ಇಳಿಜಾರು ಹೇಳುವ ಡಿವೈ ಬೈ ಡಿಎಕ್ಸ್, ಸೊನ್ನೆ. ಅವಕಲನವೆಂದರೆ 2ಎ ಎಕ್ಸ್ + ಬಿ. ಎಕ್ಸ್‌ಗೆ 2 ಇಟ್ಟರೆ 4ಎ + ಬಿ = 0, ಅಂದರೆ ಬಿ ಎಂಬುದು ಮೈನಸ್ 4ಎ. ಉಳಿದದ್ದು ತುದಿಯ ಎತ್ತರ: 4ಎ + 2ಬಿ + 3 = 7. ಎ ಮೈನಸ್ 1, ಬಿ 4. ಮೂವರೂ ಹಾಜರ್!

ಹಿಂದೆ ನಿಂತು ಕೇಳುತ್ತಿದ್ದ ಹುಡುಗನ ಅಪ್ಪನಿಗೆ ಬೇರೆಯೇ ಚಿಂತೆ.

‘ಗುಬ್ಬಿ ಹಾರಿ ಹೋತೋ ಇಲ್ಲೋ, ಅಷ್ಟು ಹೇಳ್ರಿ ಸರ್.’

‘ಅದು ಸಿಲೆಬಸ್‌ನಾಗ ಇಲ್ರಿ ಗೌಡ್ರ.’

ಅಭಿಮಾನಕ್ಕೂ ಕೊರತೆಯಿಲ್ಲ. ಮಾತು ಗಣಿತಕ್ಕೆ ತಿರುಗಿದರೆ ಸೀದಾ ಮಳಖೇಡಕ್ಕೆ ಹೋಗಿ ನಿಲ್ಲುತ್ತದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದು, ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಹೇಳಿದ್ದು, ಎಲ್ಲ ತಮ್ಮ ಕಣ್ಣೆದುರೇ ನಡೆದಂತೆ ವರ್ಣಿಸುತ್ತಾರೆ. ಭಾಸ್ಕರಾಚಾರ್ಯನ ಸರದಿ ಬಂದಾಗ ದನಿ ಇನ್ನೊಂದಿಷ್ಟು ಏರುತ್ತದೆ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅವನು ಗ್ರಹಗಳ ತಾತ್ಕಾಲಿಕ ಗತಿಯ ಮಾತೆತ್ತಿದ್ದಾನೆ, ಅವಕಲನದ ಬೀಜ ಅಲ್ಲಿದೆ, ನ್ಯೂಟನ್ ಬಂದದ್ದು ಐನೂರು ವರ್ಷ ತಡವಾಗಿ. ಭಾಸ್ಕರ ವಿಜಯಪುರದವನೇ ಎಂದು ಇವರು, ಅಲ್ಲ ಖಾನದೇಶದ ಕಡೆಯವನು ಎಂದು ಮರಾಠಿ ಮಂದಿ. ಈ ಜಗಳಕ್ಕೆ ಮಾತ್ರ ಯಾವ ಅವಕಲನವೂ ಸೊನ್ನೆಯಾಗಿಲ್ಲ.

ಅತನೂರದ ಸರ್ ಸೋತದ್ದು ತೊಗರಿಯ ಎದುರು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆದರೆ ಅದರ ದರದ ಗುರುತು ಇನ್ನೂ ಯಾರಿಗೂ ಸಿಕ್ಕಿಲ್ಲ. ಒಂದು ವರ್ಷ ಎಲ್ಲರೂ ರಾಶಿಯಾದ ಕೂಡಲೇ ಮಾರಿದರು. ಸರ್ ಮಾತ್ರ ದರದ ಗೆರೆ ಬರೆದು, ‘ಇಳಿಜಾರು ಸೊನ್ನೆ ಆದ ದಿನ ಮಾರ್ತೀನಿ’ ಎಂದು ಚೀಲ ಒಟ್ಟಿಕೊಂಡು ಕುಳಿತರು. ಕಾದರು, ಕಾದರು. ಒಂದು ದಿನ ಇಳಿಜಾರು ಸೊನ್ನೆಯಾಯಿತು, ಮಾರಿದರು. ಮರುವಾರ ದರ ಏರಿತು.

ಸೊನ್ನೆಯಾಗುವುದು ಗುಡ್ಡದ ತುದಿಯಲ್ಲಷ್ಟೇ ಅಲ್ಲ, ಕುಣಿಯ ತಳದಲ್ಲೂ. ಯಾವುದೆಂದು ತಿಳಿಯಲು ಇನ್ನೊಮ್ಮೆ ಅವಕಲಿಸಿ 2ಎ ಧನವೋ ಋಣವೋ ನೋಡಬೇಕು. ಹದಿನೈದು ವರ್ಷ ಹುಡುಗರಿಗೆ ಬೈದು ಬೈದು ಕಲಿಸಿದ ಮಾತು ಅದು.

‘ಎರಡನೇ ಡೆರಿವೇಟಿವ್ ನೋಡೋದು ಮರ್ತೆ’ ಎಂದರು ಮನೆಯಲ್ಲಿ. ಮನೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಮೊದಲನೇದು ಯಾಕ ನೋಡಿದ್ರಿ?’

ಅತನೂರದ ಕಡೆ ಬಂದರೆ ಆ ಅಂಗಡಿಯಲ್ಲಿ ಚಹಾ ಕುಡಿದೇ ಹೋಗಿ. ಹೋಗುವ ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ಸರ್ ಅವರನ್ನು ಕೇಳಬೇಡಿ. ಮೂರು ಸುಳಿವು ಕೇಳುತ್ತಾರೆ.