ಪ್ರಾತಃಸಂಚಾರಜನ್ಯ ಫಲಾಭಾವ: ಸವಳಂಗ ರಸ್ತೆಯ ಕರಬೂಜದ ಬಳ್ಳಿಗಳ ರೋಗನಿದಾನ

ಶಿವಮೊಗ್ಗದ ಸವಳಂಗ ರಸ್ತೆಯ ಇಕ್ಕೆಲದ ಬಡಾವಣೆಗಳಲ್ಲಿ ಕಾಂಪೌಂಡಿನ ಮೂಲೆಯಲ್ಲೋ ತಾರಸಿಯ ಚೀಲದಲ್ಲೋ ಹಬ್ಬಿದ ಕರಬೂಜದ ಬಳ್ಳಿ ಎಲೆ ಬಿಡುತ್ತದೆ, ಹೂ ಬಿಡುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ. ರಾಮನವಮಿಯ ಪಾನಕಕ್ಕೆಂದು ಜನವರಿಯಲ್ಲಿ ಬೀಜ ಊರಿದವರು ಕೊನೆಗೆ ಮಾರುಕಟ್ಟೆಯ ಹಣ್ಣನ್ನೇ ಹೆಚ್ಚಬೇಕಾಗುತ್ತದೆ. ಈ ವಿಷಯದಲ್ಲಿ ಪೂರ್ವಸೂರಿಗಳು ಮೂರು ಪಂಥಗಳಾಗಿ ಒಡೆದಿದ್ದಾರೆ. ದೃಷ್ಟಿವಾದಿಗಳು ಎದುರುಮನೆಯವರ ಕಣ್ಣನ್ನು ಶಂಕಿಸಿ, ಒಡೆದ ಮಡಕೆಗೆ ಸುಣ್ಣದ ಚುಕ್ಕೆಯಿಟ್ಟು ಕೋಲಿಗೆ ಸಿಕ್ಕಿಸುತ್ತಾರೆ. ಗೊಬ್ಬರವಾದಿಗಳು ಹಿಡಿ ಹಿಡಿ ಯೂರಿಯಾ ಸುರಿದು, ಎಲೆ ಆನೆಕಿವಿಯಾದಾಗ ಹಿಗ್ಗುತ್ತಾರೆ. ಸಾರಜನಕ ಹೆಚ್ಚಾದ ಬಳ್ಳಿ ಸೊಪ್ಪಿನಲ್ಲೇ ಸೊಕ್ಕಿ ಕಾಯಿಯನ್ನು ಮರೆಯುತ್ತದೆಂಬುದು ಅವರ ಗಮನಕ್ಕೆ ಬಂದಿಲ್ಲ. ಧೂಳುವಾದಿಗಳು ಶಿಕಾರಿಪುರದ ಬಸ್ಸುಗಳನ್ನು ದೂರುತ್ತಾರೆ. ಮೂರೂ ಪಂಥದವರು ಎಲೆಯನ್ನು ಓದಿದ್ದಾರೆ, ಆದರೆ ಓದಿದ್ದು ಯಾವ ಹೊತ್ತಿನಲ್ಲಿ ಎಂಬುದನ್ನು ಒಬ್ಬರೂ ದಾಖಲಿಸಿಲ್ಲ. ಆ ಹೊತ್ತಿನ ವಿಚಾರವೇ ಪ್ರಸ್ತುತ ಪ್ರಬಂಧದ ವಸ್ತು. ಇದರ ಸಿದ್ಧಾಂತವಿಷ್ಟು: ಫಲಾಭಾವಕ್ಕೆ ಮೂಲಕಾರಣ ಯಜಮಾನರ ಬೆಳಗಿನ ವಾಕಿಂಗ್.

ಮೊದಲು ಹೂವಿನ ಸಾಕ್ಷ್ಯ. 1753ರಲ್ಲಿ ಲಿನೇಯಸ್ ಕುಕುಮಿಸ್ ಮೆಲೊ ಎಂದು ಹೆಸರಿಟ್ಟ ಈ ಪ್ರಭೇದದಲ್ಲಿ (ಹುಳಿಗೆ ಬೀಳುವ ಮಂಗಳೂರು ಸೌತೆಯೂ ಇದರದೇ ದಾಯಾದಿ, ಪಾನಕದ ಮರ್ಯಾದೆ ಮಾತ್ರ ಅದಕ್ಕೆ ದಕ್ಕಿಲ್ಲ) ಗಂಡು ಹೂಗಳು ಮೊದಲು, ಅದೂ ಗುಂಪಾಗಿ ಬರುತ್ತವೆ. ಕಾಯಿ ಕಚ್ಚಬಲ್ಲ ಹೂವು ಆಮೇಲೆ, ಹೆಚ್ಚಾಗಿ ಪಕ್ಕದ ಕವಲಿನಲ್ಲಿ, ಒಂಟಿಯಾಗಿ ಬರುತ್ತದೆ. ಅದರ ಹಳದಿ ಎಸಳಿನ ಕೆಳಗೆ ನವಿರು ರೋಮ ಹೊದ್ದ ಪುಟ್ಟ ಹಸಿರು ಹೀಚು ಅಂಟಿಕೊಂಡಿರುತ್ತದೆ. ಬಿಸಿಲು ಮೂಡುತ್ತ ಅರಳಿದ ಹೂವು ಮಧ್ಯಾಹ್ನಕ್ಕೆ ಬಾಡುತ್ತದೆ, ಮರುದಿನ ಮತ್ತೆ ಅರಳುವುದಿಲ್ಲ. ಅಷ್ಟರೊಳಗೆ ಜೇನು ಮತ್ತೆ ಮತ್ತೆ ಬಂದುಹೋಗಬೇಕು, ಇಲ್ಲವೇ ಮನೆಯವರೇ ಗಂಡು ಹೂವಿನ ಎಸಳು ಕಿತ್ತು, ಕೇಸರವನ್ನು ಈ ಹೂವಿನ ನಡುವಿಗೆ ಸವರಬೇಕು. ಎರಡೂ ಆಗದಿದ್ದರೆ ಹೀಚು ಹಳದಿಯಾಗಿ ಮುರುಟಿ ಉದುರುತ್ತದೆ. ಈ ಮುಹೂರ್ತದಲ್ಲಿ ಯಜಮಾನರು ಎಲ್ಲಿರುತ್ತಾರೆ? ಶೂ ಬಿಗಿದು ನವುಲೆಯ ಹಾದಿ ಹಿಡಿದಿರುತ್ತಾರೆ. ದಾರಿಯಲ್ಲಿ ಪರರ ಕಾಂಪೌಂಡಿನ ದಾಸವಾಳ ಪ್ಲಾಸ್ಟಿಕ್ ಕವರಿಗೆ ಇಳಿಯುವುದರಿಂದ, ಅವರಿಗೆ ಹೂ ಗುರುತಿಸುವ ಕಣ್ಣಿಲ್ಲವೆನ್ನುವಂತಿಲ್ಲ. ಬಳ್ಳಿಯ ರೋಗದ ಚರ್ಚೆ ಕಾವೇರುವ ಹೊತ್ತಿಗೆ ನವುಲೆಯ ಕೃಷಿ ಕಾಲೇಜಿನ ಗೇಟು ಬರುತ್ತದೆ. ವಾದಿ ಪ್ರತಿವಾದಿಗಳಿಬ್ಬರೂ ಅದನ್ನೊಮ್ಮೆ ನೋಡಿ ಮನೆ ಕಡೆ ತಿರುಗುತ್ತಾರೆ. ಒಳಗೆ ಹೋಗಿ ಕೇಳಿದರೆ ಚರ್ಚೆ ಮುಗಿದುಹೋಗುವ ಅಪಾಯವಿದೆ.

ಎಲೆಯ ಸಾಕ್ಷ್ಯವೂ ಇದೇ ಹೊತ್ತಿಗೆ ಬೆರಳು ತೋರಿಸುತ್ತದೆ. ಬೂಜು ತುಪ್ಪಟ ರೋಗ ತಗುಲಿದ ಎಲೆಯ ಮೇಲೆ, ನರಗಳ ನಡುವೆ ಅಳತೆ ಹಿಡಿದು ಕತ್ತರಿಸಿದಂಥ ಮೂಲೆ ಮೂಲೆಯ ಹಳದಿ ಮಚ್ಚೆಗಳು. ಇಬ್ಬನಿ ಆರುವ ಮುನ್ನ ಎಲೆ ಮಗುಚಿದರೆ ಅದೇ ಮಚ್ಚೆಗಳ ಬೆನ್ನಿಗೆ ಬೂದು ನೇರಳೆ ತುಪ್ಪಟ. ಬಿಸಿಲೇರಿದ ಮೇಲೆ ಈ ಕುರುಹು ಅಷ್ಟು ಸ್ಪಷ್ಟವಾಗಿ ಉಳಿಯುವುದಿಲ್ಲ. ಸಂಜೆ ಆರಕ್ಕೆ ನೋಡಿ 'ಕಾಣಲಿಲ್ಲ, ಆದ್ದರಿಂದ ಇಲ್ಲ' ಎನ್ನುವವರು ಅನುಪಲಬ್ಧಿ ಪ್ರಮಾಣವನ್ನು ಮೀಮಾಂಸಕರೂ ನಾಚುವಂತೆ ಬಳಸುತ್ತಿದ್ದಾರೆ. ಎಲೆ ತೂತು ಮಾಡುವ ಕೆಂಪು ದುಂಬಿಯೂ ಮುಂಜಾನೆಯ ತಂಪಿನಲ್ಲಿ ಮಂಕಾಗಿ ಕೂತಿರುತ್ತದೆ, ಕೈಗೆ ಸಿಗುತ್ತದೆ, ಬಿಸಿಲೇರಿದರೆ ಹಾರಿಹೋಗುತ್ತದೆ. ವಾಕಿಂಗ್, ತಿಂಡಿ, ಪೇಪರ್ ಎಲ್ಲ ಮುಗಿಸಿ ಹನ್ನೆರಡಕ್ಕೆ ಬಂದವರಿಗೆ ಕಾಣುವುದು ಜೋತುಬಿದ್ದ ಎಲೆಗಳು ಮಾತ್ರ. ಬೇಸಿಗೆಯ ನಡುಹಗಲಲ್ಲಿ ಈ ಬಳ್ಳಿ ಹೀಗೆ ಸೊರಗಿ ಸಂಜೆಗೆ ತಾನೇ ಎದ್ದುಕೊಳ್ಳುವುದು ಸಹಜ. ಅದನ್ನೇ ರೋಗವೆಂದು ಬಗೆದು ಕೊಡಗಟ್ಟಲೆ ನೀರು ಹೊಯ್ದಾಗ ಬೇರು ಕೊಳೆತು ನಿಜವಾದ ರೋಗ ಹುಟ್ಟುತ್ತದೆ. ಯಾವ ಹೊತ್ತಿನಲ್ಲೂ ಕಾಣುವುದು ರಂಗೋಲಿ ಹುಳು ಕೊರೆದ ಬಿಳಿ ಗೆರೆಗಳು. ಆದ್ದರಿಂದ ಸಕಲ ಅಪರಾಧಗಳೂ ಅದರ ತಲೆಗೆ ಬಂದಿವೆ. ಕಾಯಿ ಕಚ್ಚದಿರುವುದಕ್ಕೂ ಆ ಹುಳಕ್ಕೂ ನೇರ ನಂಟಿಲ್ಲ.

ಇನ್ನು ಆಕ್ಷೇಪಗಳು. ಜೇನಿದ್ದರೆ ಸಾಕು, ಯಜಮಾನರೇಕೆ ಎಂಬುದು ಮೊದಲನೆಯದು. ಒಪ್ಪಬಹುದಿತ್ತು, ಆದರೆ ವಾಕಿಂಗ್ ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ರಂಗೋಲಿ ಹುಳುವಿಗೆಂದು ಔಷಧ ಹೊಡೆಯುವುದು ಜೇನು ಹೂವಿನಲ್ಲಿ ಕೂತಿರುವ ಹೊತ್ತಿನಲ್ಲೇ. ಎರಡನೆಯದು, ಸಕ್ಕರೆ ಕಾಯಿಲೆಗೆ ನಡೆಯಿರೆಂದು ಡಾಕ್ಟರೇ ಹೇಳಿದ್ದಾರೆಂಬುದು. ಡಾಕ್ಟರು ನವುಲೆಯ ಹೆಸರು ಬರೆದುಕೊಟ್ಟ ಚೀಟಿ ಈವರೆಗೆ ಯಾರ ಬಳಿಯೂ ಸಿಕ್ಕಿಲ್ಲ. ಬಳ್ಳಿಯ ಸುತ್ತ ಬಗ್ಗಿ ಎದ್ದು ಹೂ ಹುಡುಕಿದರೆ ಬೆವರು ಬಾರದೆಂದೂ ಅವರು ಹೇಳಿಲ್ಲ. ಹೋಲಿಕೆಗೆ ಪಕ್ಕದ ಭದ್ರಾವತಿಯನ್ನು ತೆಗೆದುಕೊಳ್ಳಬಹುದು. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಆ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿದವನು ಕ್ವಾರ್ಟರ್ಸಿಗೆ ಮರಳುವುದೂ ಹೂ ಅರಳುವುದೂ ಒಂದೇ ಹೊತ್ತಿಗೆ. ಅವನಿಗೆ ಮತ್ತೆ ನಡೆಯಲು ಹೋಗುವ ಉತ್ಸಾಹ ಉಳಿದಿರಲಾರದು. ಅಂಗಳದಲ್ಲಿ ಬಳ್ಳಿಯಿದ್ದರೆ ಅದರೆದುರು ನಿಂತು ಕಾಫಿ ಕುಡಿಯುವುದೇ ಸಹಜ. ಇದು ಕೇವಲ ಅನುಮಾನ ಪ್ರಮಾಣವೆಂದು ತಳ್ಳಿಹಾಕುವವರು, ದೃಷ್ಟಿವಾದಕ್ಕೆ ಮಡಕೆಯ ಹೊರತು ಇನ್ನಾವ ಪ್ರಮಾಣವಿದೆಯೆಂದು ಮೊದಲು ತಿಳಿಸಲಿ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ವಾಕಿಂಗ್ ನಿಲ್ಲುತ್ತದಲ್ಲ, ಯಜಮಾನರು ಬೆಳಗಿಡೀ ಜಗಲಿಯಲ್ಲೇ ಕೂತಿರುತ್ತಾರಲ್ಲ, ಆಗಲಾದರೂ ಕಾಯಿ ಕಚ್ಚಬೇಕಿತ್ತಲ್ಲ? ಉತ್ತರ ಸರಳ: ಮಳೆಯಲ್ಲಿ ಪರಾಗ ನೆನೆದು ಕೆಡುತ್ತದೆ, ಜೇನು ಗೂಡು ಬಿಟ್ಟು ಹೊರಡುವುದಿಲ್ಲ, ಬೂಜು ತುಪ್ಪಟಕ್ಕೆ ಅದೇ ಸುಗ್ಗಿ. ಕರಬೂಜ ಬೇಸಿಗೆಯ ಬೆಳೆ. ಬೇಸಿಗೆ ವಾಕಿಂಗಿನ ಕಾಲವೂ ಹೌದು. ಯಜಮಾನರು ಮನೆಯಲ್ಲಿ ಸಿಗುವ ತಿಂಗಳುಗಳಲ್ಲಿ ಬಳ್ಳಿಯಲ್ಲಿ ಸವರಲು ಯೋಗ್ಯವಾದ ಹೂವಿಲ್ಲ, ಹೂವಿರುವ ತಿಂಗಳುಗಳಲ್ಲಿ ಅವರು ನವುಲೆಯಲ್ಲಿರುತ್ತಾರೆ.