ದೀಕ್ಷಿತರ ಗೆಜ್ಜೆ, ನಮ್ಮ ತಂಬೂರಿ

ನಿಮ್ಮ ಹುಡುಗ ಮೊಬೈಲಿನಲ್ಲಿ ಹಾಕಿದ್ದು ರಘು ದೀಕ್ಷಿತ್ ಹಾಡಲ್ಲವೇ? ದನಿ ಬೇಲಿ ದಾಟುತ್ತಿದ್ದಂತೆ ಗುರುತು ಹತ್ತಿತು. ಬಾಯ್ತುಂಬ, ಎದೆಯಿಂದ ಎತ್ತಿ ಹಾಡುವ ಆ ಗಂಟಲು ಇನ್ನೊಬ್ಬರಿಗಿಲ್ಲ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೂರನೇ ಆಲ್ಬಂ ‘ಶಕ್ಕರ್’ 2025ರಲ್ಲಿ ಬಂತು. ಮೊದಲನೆಯದು 2008ರಲ್ಲಿ, ಎರಡನೆಯದು ‘ಜಗ್ ಚಂಗಾ’ 2013ರಲ್ಲಿ. ಅಲ್ಲಿಂದ ಇಲ್ಲಿಗೆ ಹನ್ನೆರಡು ವರ್ಷ ನೋಡಿ. ವಾರಕ್ಕೊಂದು ಹಾಡು ಬಂದು ಮರುವಾರವೇ ಮರೆತುಹೋಗುವ ಈ ಕಾಲದಲ್ಲಿ ಒಂದು ತಂಡ ಅಷ್ಟು ದಿನ ತಡೆದು, ಮತ್ತೆ ಆಲ್ಬಂ ಅಂತಲೇ ಕೈಗೆ ಕೊಟ್ಟಿತಲ್ಲ, ನನಗೆ ಅದೇ ದೊಡ್ಡ ಸಂತೋಷ. ಹಳೆಯ ಹುಮ್ಮಸ್ಸು ಎಲ್ಲೂ ಬತ್ತಿಲ್ಲ.

ಸುತ್ತೂರಿನಿಂದ ಬಸ್ಸು ಹತ್ತಿದರೆ ಮೈಸೂರು ಎಷ್ಟು ದೂರ? ಆ ಮೈಸೂರಿನಲ್ಲೇ ಬೆಳೆದ ಹುಡುಗ ಅವರು. ಭರತನಾಟ್ಯ ಕಲಿತವರು, ಓದಿದ್ದು ಮೈಕ್ರೋಬಯಾಲಜಿ. ಗಿಟಾರು ಕೈಗೆ ಬಂದದ್ದು ಕಾಲೇಜಿನಲ್ಲಿ ಸಹಪಾಠಿಯೊಬ್ಬನ ಜೊತೆ ಕಟ್ಟಿದ ಪಂಥದಿಂದ. ಆ ಮೇಲೆ ಎಷ್ಟೋ ವರ್ಷ ಆಲ್ಬಂ ಮಾಡಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಕಡೆಗೆ ಮುಂಬಯಿಯ ವಿಶಾಲ್–ಶೇಖರ್ ಜೋಡಿ ಅವರ ಹಾಡು ಕೇಳಿ ಬೆನ್ನಿಗೆ ನಿಂತಿತು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡಿದ ಕನ್ನಡದವರನ್ನು ಇಂಗ್ಲೆಂಡಿನವರು ಕುಣಿಯುತ್ತ ಕೇಳಿದರು.

ಅಲ್ಲಿ ಕೇಳಿಸಿದ್ದು ಏನನ್ನು? ಶಿಶುನಾಳ ಶರೀಫರನ್ನು. ನನಗೆ ಮುಖ್ಯವಾದ ಮಾತು ಇದು. ಶಿಗ್ಗಾಂವಿ ಸೀಮೆಯ ಸಂತ, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಸೋರುವ ಮನೆ ಮಾಳಿಗೆಯ ಪದ, ಗುಡುಗುಡಿಯ ಪದ ಎರಡೂ ಮೊದಲ ಆಲ್ಬಮ್ಮಿನಲ್ಲಿವೆ. ನಮ್ಮ ತಲೆಮಾರು ಶರೀಫರನ್ನು ಕೇಳಿದ್ದು ಸಿ. ಅಶ್ವತ್ಥ್ ಕಂಠದಲ್ಲಿ, 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾದಲ್ಲಿ. ಅಶ್ವತ್ಥ್ ಅವರಂತೆ ಇನ್ನೊಬ್ಬರು ಹಾಡಲಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೀಕ್ಷಿತರು ಡ್ರಮ್ಮು, ಗಿಟಾರು ಸೇರಿಸಿ ತತ್ವಪದ ಕೆಡಿಸಿದರು ಅಂತ ನಿಮ್ಮ ಭಜನಾ ಮೇಳದ ಹಿರಿಯರು ಅನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಸುತ್ತೂರು ಜಾತ್ರೆಯಲ್ಲಿ ಭಜನಾ ಮೇಳದ ಸ್ಪರ್ಧೆ ನಡೆಯುವಾಗ ಕಣ್ಣಿಟ್ಟು ನೋಡಿ. ಒಬ್ಬರು ಪಲ್ಲವಿ ಎತ್ತುತ್ತಾರೆ, ಉಳಿದವರು ಅದನ್ನೇ ಹಿಂತಿರುಗಿಸಿ ಹೇಳುತ್ತಾರೆ. ಎರಡು ಮೂರು ಸುತ್ತಾಗುವಷ್ಟರಲ್ಲಿ ತಾಳ ಏರುತ್ತದೆ, ಕೇಳುತ್ತ ಕೂತವರ ತುಟಿಯೂ ಅಲ್ಲಾಡುತ್ತದೆ. ದೀಕ್ಷಿತರು ಮಾಡುವುದು ಇದನ್ನೇ. ಒಂದು ಸಾಲು ತಾನು ಹಾಡಿ ಜನರ ಕಡೆಗೆ ಕೈ ಚಾಚುತ್ತಾರೆ, ಸಾವಿರ ಗಂಟಲು ಅದನ್ನು ಮರಳಿ ಕೊಡುತ್ತವೆ. ಕನ್ನಡ ಬಾರದವರೂ ಶರೀಫರ ಪದಕ್ಕೆ ದನಿಗೂಡಿಸಿದ್ದು ಹೀಗೆ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದೇ ಅಲ್ಲವೇ?

ನಡುವಿನ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 2020ರ ‘ಲವ್ ಮಾಕ್‌ಟೇಲ್’ಗೆ ಸಂಗೀತ ಕೊಟ್ಟರು, ಊರೂರು ತಿರುಗಿ ಕಾರ್ಯಕ್ರಮ ಕೊಟ್ಟರು, ಜೊತೆಗೆ ನುಡಿಸುವವರು ಬದಲಾದರು. ಕ್ಯಾಸೆಟ್ಟು ಹೋಯಿತು, ಸಿ.ಡಿ.ಯೂ ಹೋಯಿತು, ಆಲ್ಬಂ ಮಾರಿ ಬದುಕುವುದು ಯಾವ ತಂಡಕ್ಕೂ ಸುಲಭವಲ್ಲ. ಹೊಟ್ಟೆಗೆ ಕೊಡುವುದು ವೇದಿಕೆಯೇ. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದ್ದೂ ಇದೇ ದಾರಿ. ಒಂದೇ ಮನೆಯ ಇಬ್ಬರು ಎರಡು ತಂಡ ಕಟ್ಟಿ ಇಷ್ಟು ಕಾಲ ನಿಲ್ಲಿಸಿಕೊಂಡಿದ್ದಾರೆ ಅಂದರೆ ಮೈಸೂರು ಹೆಮ್ಮೆಪಡಬೇಕು.

ನಮ್ಮ ಕಡೆಯವರಿಗೆ ಮಾತ್ರ ದೀಕ್ಷಿತರೆಂದರೆ ಮೊದಲು ನೆನಪಾಗುವುದು ‘ಸೈಕೋ’ ಚಿತ್ರದ ಮಾದೇಶ್ವರನ ಹಾಡು. ಸಿನಿಮಾ ನೋಡದವರಿಗೂ ಅದು ಬಾಯಿಪಾಠ. ಊರ ಹಬ್ಬದ ಆರ್ಕೆಸ್ಟ್ರಾದಲ್ಲಿ ಅದೊಂದು ಬಂದರೆ ಚೀಟಿ ಬರೆದು ಮತ್ತೊಮ್ಮೆ ಅನ್ನುತ್ತಾರೆ. ಮಾದಪ್ಪನ ಹೆಸರಿನಲ್ಲಿ ಗಿಟಾರು ನುಡಿದಾಗ ಇಲ್ಲಿ ಯಾರಿಗೂ ಅದು ಪರಕೀಯ ಅನ್ನಿಸಲಿಲ್ಲ.

ಅದಕ್ಕೇ ನನ್ನದೊಂದು ಆಸೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ, ಅದು ಕಳೆದು ಅವರಾತ್ರಿ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಸುತ್ತೂರು ಜಾತ್ರೆ. ಚಿಕ್ಕಲ್ಲೂರಿಗೆ ಹೋದರೆ ತಂಬೂರಿ, ಗಗ್ಗರ, ಡಕ್ಕೆ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ಧಪ್ಪಾಜಿಯ ಕಥೆಯನ್ನು ಬೆಳಗಿನವರೆಗೂ ಹಾಡುತ್ತಾರೆ. ಮಾದಪ್ಪನ ಗುಡ್ಡರು ಕಂಸಾಳೆ ಬೀಸುತ್ತಾರೆ. ನೀಲಗಾರರಲ್ಲೂ ಒಬ್ಬರು ಎತ್ತಿ ಹಾಡುವುದು, ಹಿಮ್ಮೇಳದವರು ಸೊಲ್ಲು ಕೊಡುವುದು. ದೀಕ್ಷಿತರ ತಂಡಕ್ಕೆ ಹೇಳಿ ಮಾಡಿಸಿದ ಸಂಪತ್ತು ಅದು. ಬಯಲುಸೀಮೆಯ ಶರೀಫರನ್ನು ಲಂಡನ್ನಿಗೆ ಕರೆದೊಯ್ದವರು ತಮ್ಮ ಮನೆಯ ಪಕ್ಕದ ಕಪಿಲೆ, ಕಾವೇರಿ ದಡದ ಹಾಡುಗಾರರನ್ನೂ ಕರೆದೊಯ್ಯಲಿ.

ಧಾಟಿಯನ್ನಷ್ಟೇ ಎತ್ತಿಕೊಂಡು ಹೋದರೆ ಸಾಲದು. ತಂಬೂರಿಯವರನ್ನೇ ಸ್ಟುಡಿಯೋದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಬೇಕು, ಆಲ್ಬಮ್ಮಿನ ಮೇಲೆ ಅವರ ಹೆಸರು ಹಾಕಬೇಕು, ಸಂಭಾವನೆಯಲ್ಲಿ ಸರಿಪಾಲು ಕೊಡಬೇಕು. ಜನಪದ ಎಲ್ಲರದ್ದು ಅನ್ನುತ್ತ ಹಾಡಿದವರನ್ನು ಬರಿಗೈಯಲ್ಲಿ ಕಳಿಸುವುದು ಬಹಳ ಕಾಲದಿಂದ ನಡೆದುಬಂದಿದೆ. ಇಷ್ಟು ಹೆಸರಿರುವ ತಂಡ ಅದನ್ನು ನಿಲ್ಲಿಸಿದರೆ ಉಳಿದವರೂ ಕಲಿಯುತ್ತಾರೆ.

ನಿಮ್ಮ ಹುಡುಗನಿಗೆ ಹೇಳಿ, ಒಂದೇ ಹಾಡು ತಿರುಗಿಸಿ ತಿರುಗಿಸಿ ಕೇಳುವುದು ಬೇಡ, ಮೂರೂ ಆಲ್ಬಂ ಮೊದಲಿನಿಂದ ಕೊನೆಯವರೆಗೆ ಕೇಳಲಿ. ದೀಕ್ಷಿತರಿಗೂ ಯಾರಾದರೂ ತಿಳಿಸಿ: ನಾಲ್ಕನೆಯದಕ್ಕೆ ಇನ್ನು ಹನ್ನೆರಡು ವರ್ಷ ಕಾಯಿಸಬೇಡಿ, ನೀಲಗಾರರಿಗೂ ವಯಸ್ಸಾಗುತ್ತಿದೆ.