ಲ್ಯಾಪ್‌ಟಾಪಿನೊಳಗೊಂದು ವಠಾರ

ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ತಣ್ಣಗೆ ಸಂಸಾರ ಮಾಡಿಕೊಂಡಿತ್ತು. ಅಷ್ಟರಲ್ಲಿ ಊರಿನಿಂದ ಚಿಕ್ಕಪ್ಪ ತಮ್ಮ ಹಳೆಯ ಕಥೆಗಳ ಸಿಡಿ ಕಳಿಸಿದರು. ಯೂನಿಕೋಡ್ ಅಲ್ಲದ ಫಾಂಟು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚುರುಮುರಿ. ಸರಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಆ ಹಳೆಯ ಫಾಂಟಿಗೆ ಒಗ್ಗುವ ವಿಂಡೋಸ್ ಎಕ್ಸ್‌ಪಿಯನ್ನು ಕೂರಿಸಿದೆ.

ಇದೇನೂ ಹೊಸ ಆಟವಲ್ಲ. ಐಬಿಎಂನವರು 1972ರಲ್ಲೇ ವಿಎಂ/370 ಎಂಬ ಹೆಸರಿನಲ್ಲಿ ದೊಡ್ಡ ಯಂತ್ರದೊಳಗೆ ಇಂಥ ವಠಾರ ಕಟ್ಟಿದ್ದರು. ಮನೆ ಯಜಮಾನನಿಗೆ ಹೋಸ್ಟ್, ಒಳಗೆ ಬಂದವನಿಗೆ ಗೆಸ್ಟ್ ಎಂದು ಹೆಸರು. ಗೆಸ್ಟ್ ಮಹಾಶಯನಿಗೆ ತಾನು ಬಾಡಿಗೆಗಿದ್ದೇನೆ ಎಂಬ ಅರಿವೇ ಇಲ್ಲ! ಅವನು ಹಾರ್ಡ್‌ಡಿಸ್ಕ್ ಎಂದು ನಂಬಿರುವುದು ನನ್ನ ಫೋಲ್ಡರಿನಲ್ಲಿ ಬಿದ್ದಿರುವ ಒಂದು ಫೈಲು. 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಗೆ ಬೆಂಬಲ ನಿಂತ ಸುದ್ದಿಯೂ ಅವನಿಗೆ ಮುಟ್ಟಿಲ್ಲ. ನಾನೂ ಹೇಳಲಿಲ್ಲ, ಇಂಟರ್ನೆಟ್ ಮಾತ್ರ ಕಿತ್ತಿಟ್ಟೆ.

ಒಳಹೊಕ್ಕ ಮೌಸ್ ಬಾಣ ಅಭಿಮನ್ಯುವಾಯಿತು. ಹತ್ತು ನಿಮಿಷ ಅಲ್ಲಾಡಿಸಿ ಬೆವತ ಮೇಲೆ ತಿಳಿಯಿತು, ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಬಿಡುಗಡೆ. ಏನೇ ಎಡವಟ್ಟಾದರೂ ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟಿಗೆ ಮರಳಬಹುದು. ಈ ಸೌಲಭ್ಯ ಅಡುಗೆಮನೆಗೂ ಬೇಕಿತ್ತು, ಮುಖ್ಯವಾಗಿ ಸಾರಿಗೆ ಎರಡನೇ ಸಲ ಉಪ್ಪು ಹಾಕಿದ ದಿನ.

ರಾತ್ರಿ ಹನ್ನೊಂದಕ್ಕೆ ಕಥೆ ಕನ್ನಡದಲ್ಲಿ ಕಂಡಿತು. ಬೆಳಗಾಗುವವರೆಗೂ ಕಾದು ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಅಷ್ಟೆಲ್ಲ ಯಾಕೆ ಒದ್ದಾಡಿದ್ಯೋ? ಅಟ್ಟದ ಮೇಲೆ ಪ್ರಿಂಟ್ ಇತ್ತಲ್ಲ!"